ಮೂರು ಬುಧವಾರ

ಬೆರಳ ತುದಿಯಿಂದ ಒಂದೇ ಒಂದು ಹನಿ.
ಹದಿನೈದು ನಿಮಿಷ ಕಾಯಬೇಕು.
ಒಲೆಗೆ ಕಲ್ಲಿದ್ದಲು ಹಾಕಿದೆ, ಉಪ್ಪು ಚಹಾ ಕಾಸಿದೆ.
ಹೊಂಗೊರ್ಜುಲ್ ಕುಡಿದಳು, ಹೊಟ್ಟೆ ಸವರಿಕೊಂಡಳು,
ಹೆಣ್ಣಾದರೆ ಅಜ್ಜಿಯ ಹೆಸರು ಅಂದಳು.

ಪಟ್ಟಿಯ ಮೇಲೆ ಒಂದು ಗೆರೆ ಮೂಡಿತು.
ಆಮೇಲೆ, ಯಾರೋ ತಡವಾಗಿ ಬಂದು
ಬಾಗಿಲಲ್ಲೇ ನಿಂತ ಹಾಗೆ,
ಇನ್ನೊಂದು.

ತೆಂಬೂ, ಅಂದೆ.
ಈ ಗೋಬಿಯಲ್ಲಿ ಆ ಮಾತು ಗಟ್ಟಿಯಾಗಿ ಆಡಿದರೆ
ಮಲಗಿದ ನಾಯಿಗಳೂ ತಲೆಯೆತ್ತುತ್ತವೆ.
ಕಾಗದದಲ್ಲಿ ಸಿಫಿಲಿಸ್ ಅಂತ ಬರೆದೆ.
ಬರೆದ ಮೇಲೆ ಕೊಂಚ ಸಣ್ಣದಾಯಿತು.

ಅವಳು ಅಳಲಿಲ್ಲ.
ನಿಲುವಂಗಿಯ ಮಡಿಕೆಯಿಂದ ಮಾತ್ರೆಯ ಹಾಳೆ ತೆಗೆದಳು.
ಗಡಿಯ ಅಂಗಡಿಯದಂತೆ,
ಅವನು ಕೊಟ್ಟದ್ದಂತೆ, ಮೈಕೈ ನೋವಿಗೆ.
ಡಾಕ್ಸಿಸೈಕ್ಲಿನ್.
ನೀನೆಷ್ಟು ನುಂಗಿದೆ?
ಒಂದೂ ಇಲ್ಲ, ವಾಂತಿ ಬರುತ್ತಿತ್ತು.

ಆ ವಾಂತಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಹಾಳೆಯಲ್ಲಿ ಏಳು ಕುಳಿ ಬರಿದಾಗಿದ್ದವು.
ಅವಳು ಒಂದೊಂದನ್ನೂ ಹೆಬ್ಬೆರಳಿಂದ ಒತ್ತಿ ನೋಡಿದಳು.
ಏಳನೆಯದಕ್ಕೆ ಅವಳಿಗೆ ಅರ್ಥವಾಯಿತು.
ಅವನಿಗೆ ಗೊತ್ತಿತ್ತು.

ಈ ಮಾತ್ರೆ ಬಸುರಿಗೆ ಸಲ್ಲದು ಅಂದೆ,
ಒಳಗಿನ ಹಲ್ಲಿಗೂ ಮೂಳೆಗೂ ಕೇಡು.
ನಿನ್ನನ್ನು ದಾಟಿ ಮಗುವಿನ ತನಕ ಹೋಗಿ
ಕೆಲಸ ಮುಗಿಸಿ ಬರುವ ನಂಬಿಗಸ್ತ ಮದ್ದು ಒಂದೇ:
ಪೆನಿಸಿಲಿನ್.
ಹಳೆಯದು, ಅಗ್ಗದ್ದು, ನೋವಿನದು.
ಹಿಂದೆ ಯಾವಾಗಲಾದರೂ ತಗೊಂಡು
ಮೈಯೆಲ್ಲ ದದ್ದು ಎದ್ದಿತ್ತಾ? ಉಸಿರು ಕಟ್ಟಿತ್ತಾ?
ಇಲ್ಲ. ಇಲ್ಲ.
ಸರಿ, ಮಗ್ಗುಲಾಗು.

ಹಾಲಿನಷ್ಟು ಬಿಳಿ, ಗಂಜಿಯಷ್ಟು ಮಂದ.
ಅವಸರಿಸಿದರೆ ನೋವು,
ನಿಲ್ಲಿಸಿದರೆ ಸೂಜಿ ಕಟ್ಟಿಕೊಳ್ಳುತ್ತದೆ.
ಅರ್ಧ ಈ ಪಕ್ಕೆಗೆ, ಅರ್ಧ ಆ ಪಕ್ಕೆಗೆ.
ಮಂಚದ ಕಂಬಿ ಹಿಡಿದು
ನನಗೆ ತಿಳಿಯದ ಯಾರನ್ನೋ ಬೈದಳು.
ತಿಳಿಯದೆ ಏನು.

ರಾತ್ರಿ ಜ್ವರ ಏರಿತು, ಹೊಟ್ಟೆ ಬಿಗಿಯಿತು.
ಹೆದರಬೇಡ, ರೋಗ ಸಾಯುವಾಗಿನ ಗದ್ದಲ ಇದು ಅಂದೆ.
ಹೆದರಿದ್ದು ನಾನು.
ಮರದ ಕೊಳವೆ ಹೊಟ್ಟೆಗಿಟ್ಟು ಕಿವಿಗೊಟ್ಟೆ:
ಆಟದಲ್ಲಿ ಕುರಿಯ ಕೀಲೆಲುಬಿನ ಮೇಲೆ ಕೀಲೆಲುಬು ಬಿದ್ದ ಹಾಗೆ
ಟಕಟಕ, ಟಕಟಕ.
ಬೆಳಗಿನ ತನಕ ಎಣಿಸಿದೆ.

ಎರಡನೆಯ ಬುಧವಾರ ಧೂಳಿನ ಬಿರುಗಾಳಿ.
ಬರುವುದಿಲ್ಲ ಅಂದುಕೊಂಡೆ.
ಒಂದು ವಾರ ತಪ್ಪಿದರೆ ಮತ್ತೆ ಮೊದಲಿಂದ ಲೆಕ್ಕ.
ಮೈದುನನ ಬೈಕಿನ ಹಿಂದೆ ಬಂದಳು,
ಕೂರಲಾಗದೆ ಅರ್ಧ ದಾರಿ
ಮೆಟ್ಟಿನ ಮೇಲೆ ನಿಂತೇ.

ಮೂರನೆಯ ಬುಧವಾರ
ಹೊರಗೆ ಕಲ್ಲಿದ್ದಲ ಲಾರಿ ನಿಂತಿತು.
ಗಾನ್‌ಖುಯಾಗ್ ಒಳಬಂದ,
ಟೋಪಿ ಕೈಯಲ್ಲಿ, ಉಗುರಲ್ಲಿ ಕಪ್ಪು.
ನಾನು ಮಾತ್ರೆ ತಗೊಂಡಿದ್ದೇನಲ್ಲ, ಅಂದ ಗೋಡೆಗೆ.
ಏಳು, ಅಂದೆ. ಅದು ಅರ್ಧವೂ ಅಲ್ಲ.
ನೀನು ವಾಸಿಯಾಗದೆ ಇವಳ ಮೂರು ಸೂಜಿಯೂ
ಮರಳಿಗೆ ಹೊಯ್ದ ನೀರು.

ಅವಳು ಹೇಳಿದಳು, ದನಿ ಏರಿಸದೆ:
ನೀನು ಹೊರಟಾಗಲೆಲ್ಲ ಲಾರಿಯ ಹಿಂದೆ
ಹಾಲು ಚಿಮುಕಿಸಿದ್ದೇನೆ, ದಾರಿ ಸುಖವಾಗಲಿ ಅಂತ.
ಇವತ್ತಿನ ಹಾಲು ಡಾಕ್ಟರಮ್ಮನ ಕೈಯಲ್ಲಿದೆ.
ಪರದೆಯ ಹಿಂದೆ ಹೋಗು.

ನಾನು ಡಾಕ್ಟರಲ್ಲ. ತಿದ್ದಲಿಲ್ಲ.

ಮಗು ಉಳಿಯುತ್ತದಾ, ಖಂಡಿತವಾ?
ಖಂಡಿತ ಅನ್ನುವ ಶೀಶೆ ನನ್ನ ಕಪಾಟಿನಲ್ಲಿಲ್ಲ.
ಹೆರಿಗೆಗೆ ತಿಂಗಳುಗಳಿವೆ, ಅದಿದೆ.
ಮತ್ತೆ ನಿನ್ನ ರಕ್ತ ನೋಡಬೇಕು.
ಹುಟ್ಟಿದ ಮೇಲೆ ಅದರದೂ ನೋಡಬೇಕು.

ಲಾರಿ ಗುರುಗುಟ್ಟಿತು.
ಅವಳು ನನ್ನ ಒಲೆಯ ಸೌಟು ಹಿಡಿದು
ಬಾಗಿಲಿಗೆ ಹೋದಳು.
ಹಾಲು ಚಿಮುಕಿಸಿದಳೋ ಇಲ್ಲವೋ ನಾನು ನೋಡಲಿಲ್ಲ.
ರಿಜಿಸ್ಟರಿನಲ್ಲಿ ಇಬ್ಬರ ಹೆಸರನ್ನೂ
ಒಂದೇ ಸಾಲಿನಲ್ಲಿ ಬರೆಯುತ್ತಿದ್ದೆ.
ಜಾಗ ಸಾಲುತ್ತಿರಲಿಲ್ಲ.